ಸೆಕೆಂಡ್ ಹ್ಯಾಂಡ್ ಟರ್ಬೊ, ಎರೆಮಣ್ಣಿನ ದಾರಿ

ತಿಕೋಟಾ ಸೀಮೆಯ ತೋಟಗಳಲ್ಲಿ ದ್ರಾಕ್ಷಿ ಕೊಯ್ಲು ಮುಗಿದು, ಶೆಡ್ಡಿನಲ್ಲಿ ಒಣಗಿದ ಮಾಲು ಮಾರುಕಟ್ಟೆ ಕಂಡು, ದುಡ್ಡು ಕೈಗೆ ಹತ್ತುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ. ವಿಜಯಪುರದಲ್ಲಿ ಹಳೆ ಗಾಡಿಗಳ ಮಾತು ಜೋರಾಗುವುದೂ ಆಗಲೇ. ಸ್ಟೇಷನ್ ರಸ್ತೆಯ ಯಾವುದಾದರೂ ಚಹಾದಂಗಡಿಯ ಮುಂದೆ ಅರ್ಧ ತಾಸು ನಿಂತರೆ ಸಾಕು, ಏಜೆಂಟರ ಮಂತ್ರ ಕಿವಿಗೆ ಬೀಳುತ್ತದೆ: "ಕೆಎ-28 ಪಾಸಿಂಗ್ ಅದರಿ, ಸಿಂಗಲ್ ಹ್ಯಾಂಡ್, ಡಾಕ್ಟರ್ ಸಾಹೇಬ್ರ ಗಾಡಿ." ಊರಿನಲ್ಲಿ ಮಾರಾಟಕ್ಕಿರುವ ಗಾಡಿಗಳೆಲ್ಲ ಡಾಕ್ಟರರದೇ ಆಗಿದ್ದರೆ ಅವರೆಲ್ಲ ಆಸ್ಪತ್ರೆಗೆ ನಡೆದುಕೊಂಡೇ ಹೋಗುತ್ತಿರಬೇಕು.

ಹತ್ತು ವರ್ಷದ ಹಿಂದೆ ಈ ಭಾಗದ ರೈತ ಕುಟುಂಬಗಳು ಹಳೆ ಗಾಡಿ ಎಂದರೆ ಬೊಲೆರೊ ಇಲ್ಲವೇ ಸ್ವಿಫ್ಟ್ ಹುಡುಕುತ್ತಿದ್ದವು. ಈಗ ಮನೆಯ ಹುಡುಗರು ಕೇಳುವುದೇ ಬೇರೆ. ನೋಡಲು ಎತ್ತರ ಇರಬೇಕು, ತೋಟದ ದಾರಿಯಲ್ಲಿ ಅಡಿ ತಾಗಬಾರದು, ಸೋಲಾಪುರ ಹೈವೇಗೆ ಬಿದ್ದರೆ ಲಾರಿಯನ್ನು ಒಂದೇ ಉಸಿರಿಗೆ ದಾಟಬೇಕು. "ಪಿಕಪ್ ಬೇಕ್ರಿ ಕಾಕಾ" ಎಂಬುದು ಒಂದೇ ಮಾತು. ಆ ಪಿಕಪ್ ಇರುವ ಚಿಕ್ಕ ಎಸ್‌ಯುವಿಗಳು ಈಗ ಎರಡನೇ, ಮೂರನೇ ಕೈಗೆ ಬರುವ ವಯಸ್ಸಿಗೆ ಬಂದಿವೆ. ಅವನ್ನು ಬೊಲೆರೊ ನೋಡಿದ ಕಣ್ಣಿನಲ್ಲೇ ನೋಡಿ ಕೊಳ್ಳುತ್ತಾರಲ್ಲ, ನನಗೆ ಅದೇ ಚಿಂತೆ.

ಈ ಗಾಡಿಗಳು ಹುಟ್ಟಿದ್ದೇ ಒಂದು ತೆರಿಗೆ ಲೆಕ್ಕದಿಂದ. 2006ರ ಕೇಂದ್ರ ಬಜೆಟ್ಟಿನಲ್ಲಿ 4 ಮೀಟರಿಗಿಂತ ಉದ್ದವಿರದ, ಪೆಟ್ರೋಲ್ ಎಂಜಿನ್ 1200 ಸಿಸಿ ಅಥವಾ ಡೀಸೆಲ್ ಎಂಜಿನ್ 1500 ಸಿಸಿ ಮೀರದ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದರು. ಕಂಪನಿಗಳು ಅಳತೆಪಟ್ಟಿ ಹಿಡಿದು ಗಾಡಿ ಕತ್ತರಿಸತೊಡಗಿದವು. 2013ರ ಜೂನ್‌ನಲ್ಲಿ ಫೋರ್ಡ್ ಕಂಪನಿಯ ಇಕೊಸ್ಪೋರ್ಟ್ ಬಂತು. ಆರಂಭದ ದರ 5.59 ಲಕ್ಷ ರೂಪಾಯಿ, ನೆಲದಿಂದ 200 ಮಿ.ಮೀ. ಎತ್ತರ, ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿ. ಆಮೇಲೆ 2016ರಲ್ಲಿ ವಿಟಾರಾ ಬ್ರೆಝಾ, 2017ರಲ್ಲಿ ನೆಕ್ಸಾನ್, 2019ರಲ್ಲಿ ಎಕ್ಸ್‌ಯುವಿ 300 ಮತ್ತು ವೆನ್ಯೂ, 2020ರಲ್ಲಿ ಸೊನೆಟ್ ಸಾಲುಗಟ್ಟಿದವು. ಬ್ರೆಝಾ ಒಳ್ಳೆಯ ಗಾಡಿ, ಆದರೆ ಆಟದ ಗಾಡಿಯಲ್ಲ. ಓಡಿಸುವ ಖುಷಿಗೆಂದೇ ಜನ ಹುಡುಕುವುದು ಇಕೊಸ್ಪೋರ್ಟ್, ಎಕ್ಸ್‌ಯುವಿ 300 ಮತ್ತು ವೆನ್ಯೂವಿನ ಟರ್ಬೊ ಪೆಟ್ರೋಲ್. ಇವುಗಳಲ್ಲಿ ಇಕೊಸ್ಪೋರ್ಟ್ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಆಕರ್ಷಕ, ಎಲ್ಲಕ್ಕಿಂತ ಜೋಕೆಯಿಂದ ನೋಡಬೇಕಾದದ್ದು.

ಅಗ್ಗ ಯಾಕೆ ಎಂಬುದು ಗುಟ್ಟೇನಲ್ಲ. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಅದರ ಸಾನಂದದ ಕಾರ್ಖಾನೆ ಟಾಟಾ ಪಾಲಾಯಿತು. ಬಿಡಿಭಾಗ, ಸರ್ವೀಸು ಮುಂದುವರಿಸುತ್ತೇವೆ ಎಂದು ಕಂಪನಿ ಮಾತು ಕೊಟ್ಟಿತು. ಆದರೂ ತಾಯಿ ಬಿಟ್ಟ ಗಾಡಿಗೆ ಬೆಲೆ ಬೀಳುವುದು ಸಹಜ. ಫಿಲ್ಟರ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ನಿನ ಬುಶ್ ಮೊದಲಾದ ಸವೆಯುವ ಸಾಮಾನು ಸಿಗುತ್ತದೆ. ಚಿಂತೆ ಇರುವುದು ಹೆಡ್‌ಲೈಟಿನ ಪೂರ್ತಿ ಸೆಟ್ಟು, ಬಾಗಿಲಿನ ಪತ್ರೆ, ಒಳಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗಳ ಬಗ್ಗೆ. ಹಾಗಾಗಿ ಈ ಗಾಡಿಯಲ್ಲಿ ಒಡೆದ ಲೈಟು, ಆರದೆ ಉರಿಯುವ ಏರ್‌ಬ್ಯಾಗ್ ದೀಪ ಕಂಡರೆ "ನೂರಿನ್ನೂರದಾಗ ಆಗ್ತದರಿ" ಎಂಬ ಮಾತನ್ನು ನಂಬಬೇಡಿ. ಅದನ್ನು ಮಾಡಿಸಿ ಕೊಟ್ಟ ಮೇಲೆ ಮಾತಾಡೋಣ ಎನ್ನಿ.

ಇಕೊಸ್ಪೋರ್ಟಿನಲ್ಲಿ ಎಂಜಿನ್ ಯಾವುದು ಎಂಬುದರ ಮೇಲೆ ಇಡೀ ವ್ಯವಹಾರ ನಿಂತಿದೆ. 1.5 ಲೀಟರ್ ಡೀಸೆಲ್ ಇದೆ. ಮೊದಲು 90ರ ಆಸುಪಾಸು, ಆಮೇಲೆ 100 ಅಶ್ವಶಕ್ತಿ. ಗಡಸು ಗಾಡಿ. 1.5 ಲೀಟರ್ ಪೆಟ್ರೋಲ್ ಇದೆ. 4 ಮೀಟರಿನ ಒಳಗಿದ್ದೂ 1200 ಸಿಸಿ ಮೀರಿದ್ದರಿಂದ ಪಾಪ, ಅದಕ್ಕೆ ಸುಂಕದ ರಿಯಾಯಿತಿಯೂ ದಕ್ಕಲಿಲ್ಲ. ಇನ್ನೊಂದು 1 ಲೀಟರಿನ ಇಕೊಬೂಸ್ಟ್. ಮೂರು ಸಿಲಿಂಡರ್, 999 ಸಿಸಿ, ಬ್ಲಾಕು ಎ4 ಹಾಳೆಯ ಮೇಲೆ ಕೂರುವಷ್ಟು ಪುಟ್ಟದು. 2012, 2013, 2014ರಲ್ಲಿ ಸತತ ಮೂರು ಸಲ ವರ್ಷದ ಅಂತರರಾಷ್ಟ್ರೀಯ ಎಂಜಿನ್ ಪ್ರಶಸ್ತಿ ಪಡೆದದ್ದು ಇದೇ. 2018ರ 'ಎಸ್' ಮಾದರಿಯಲ್ಲಿ ಇದು 125 ಅಶ್ವಶಕ್ತಿ, 170 ನ್ಯೂಟನ್ ಮೀಟರ್ ಕೊಡುತ್ತಿತ್ತು. ಓಡಿಸಿದವರು ಮರೆಯುವುದಿಲ್ಲ.

ಆ ಎಂಜಿನ್ನಿನ ಟೈಮಿಂಗ್ ಬೆಲ್ಟು ರಬ್ಬರಿನದು, ಮತ್ತು ಅದು ಓಡುವುದು ಆಯಿಲಿನೊಳಗೆ. ಘರ್ಷಣೆ ಕಡಿಮೆಯಾಗಿ ಮೈಲೇಜ್ ಹೆಚ್ಚುತ್ತದೆ ಎಂದು ಹೀಗೆ ಮಾಡಿದ್ದರು. ಕಂಪನಿ ಹೇಳಿದ 5ಡಬ್ಲ್ಯೂ-20 ದರ್ಜೆಯ ಆಯಿಲನ್ನೇ ಹೊತ್ತಿಗೆ ಸರಿಯಾಗಿ ಬದಲಿಸುತ್ತ ಬಂದರೆ ಬೆಲ್ಟು ಬಾಳುತ್ತದೆ. ಮೂಲೆ ಗ್ಯಾರೇಜಿನಲ್ಲಿ ಟ್ರ್ಯಾಕ್ಟರಿಗೆ ಹಾಕುವ ಗಟ್ಟಿ ಆಯಿಲನ್ನೇ ಸುರಿದರೆ, ಇಲ್ಲವೇ ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ, ರಬ್ಬರು ನೆನೆದು ಚೂರುಚೂರಾಗಿ ಉದುರುತ್ತದೆ. ಆ ಚೂರುಗಳು ಆಯಿಲ್ ಚೇಂಬರಿನ ತಳದ ಜಾಳಿಗೆಗೆ ಸಿಕ್ಕಿ ಆಯಿಲ್ ಮೇಲೆ ಏರುವುದನ್ನು ತಡೆಯುತ್ತವೆ. ಮೀಟರಿನಲ್ಲಿ ಕೆಂಪು ಆಯಿಲ್ ದೀಪ ಕಾಣುವಷ್ಟರಲ್ಲಿ ಎಂಜಿನ್ ಒಳಗೊಳಗೇ ಸವೆದಿರುತ್ತದೆ. 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಇದೇ 1 ಲೀಟರ್ ಎಂಜಿನ್ನಿನ ಸುಮಾರು 1.39 ಲಕ್ಷ ಫೋಕಸ್ ಮತ್ತು ಇಕೊಸ್ಪೋರ್ಟ್ ಕಾರುಗಳನ್ನು ಫೋರ್ಡ್ ವಾಪಸ್ ಕರೆಯಿತು. ಕಾರಣ ಆಯಿಲ್ ಪಂಪನ್ನು ತಿರುಗಿಸುವ ಬೆಲ್ಟಿನ ಭಾಗದ ದೋಷ. ಅಮೆರಿಕಕ್ಕೆ ಹೋದ ಆ ಇಕೊಸ್ಪೋರ್ಟುಗಳು ನಮ್ಮ ಚೆನ್ನೈನಲ್ಲೇ ತಯಾರಾಗಿ ಹಡಗು ಹತ್ತಿದವು. 2017ರ ಕೊನೆಗೆ ಬಂದ ಮೂರು ಸಿಲಿಂಡರಿನ 1.5 'ಡ್ರ್ಯಾಗನ್' ಪೆಟ್ರೋಲ್ ಎಂಜಿನ್ನಿನಲ್ಲೂ ಬೆಲ್ಟು ಆಯಿಲಿನೊಳಗೇ ಇದೆ. ಟರ್ಬೊ ಇಲ್ಲದ್ದರಿಂದ ಶಾಖದ ಕಾಟ ಮಾತ್ರ ಕಡಿಮೆ.

"ಹಳೆ ಡೀಸೆಲ್ ಗಾಡಿಗಿ ಏನ್ ಹಾಕಿದ್ರೂ ನಡೀತಿತ್ರಿ. ಈ ಸಣ್ಣ ಟರ್ಬೊ ಅಂದ್ರ ಶರ್ಯತ್ತಿನ ಎತ್ತ ಇದ್ದಂಗ. ಮೇವು ತಪ್ಪಿತು, ಎತ್ತು ಕೂತಿತು" ಎಂದು ಒಬ್ಬ ಮಿಸ್ತ್ರಿ ಹೇಳಿದ್ದು ನನಗೆ ಯಾವ ಕೈಪಿಡಿಗಿಂತ ಚೆನ್ನಾಗಿ ನಾಟಿತು. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷ ಸುತ್ತನ್ನು ಮೀರಿ ತಿರುಗುತ್ತದೆ. ಅದರ ಬೇರಿಂಗನ್ನು ಕಾಯುವುದು ತೆಳುವಾದ ಆಯಿಲಿನ ಪೊರೆ ಮಾತ್ರ. ಸೋಲಾಪುರದಿಂದ ನೂರರ ಮೇಲೆ ಹೊಡೆದುಕೊಂಡು ಬಂದು ಮನೆ ಮುಂದೆ ಗಕ್ಕನೆ ಚಾವಿ ತಿರುಗಿಸಿ ಇಳಿಯುವವನ ಗಾಡಿಯಲ್ಲಿ ಆ ಆಯಿಲು ಕುದಿದು ಕರಿ ಕಟ್ಟುತ್ತದೆ. ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಟ್ಟು ಆರಿಸುವವನ ಗಾಡಿಯಲ್ಲಿ ಕಟ್ಟುವುದಿಲ್ಲ. ಹೊರಗಿನಿಂದ ಎರಡೂ ಗಾಡಿ ಒಂದೇ ಥರ ಹೊಳೆಯುತ್ತವೆ. ಅದಕ್ಕೇ ಇಂಥ ಗಾಡಿ ಕೊಳ್ಳುವಾಗ ನಾನು ಬಣ್ಣಕ್ಕಿಂತ, ಮೀಟರಿಗಿಂತ ಮೊದಲು ಓಡಿಸಿದವನನ್ನು ನೋಡುತ್ತೇನೆ. ಯಜಮಾನನ ಜೊತೆ ಮಾತಾಡಲು ಬಿಡದ ಏಜೆಂಟನ ಗಾಡಿಯನ್ನು ಅಲ್ಲಿಗೇ ಬಿಡುವುದು ವಾಸಿ. ಯಜಮಾನ ಸಿಕ್ಕರೆ ಒಂದೇ ಪ್ರಶ್ನೆ ಕೇಳಿ: "ಅಣ್ಣಾರ, ಆಯಿಲ್ ಯಾವುದು ಹಾಕಸ್ತಿದ್ರಿ?" ಉತ್ತರ ಥಟ್ಟನೆ ಬಂದು, ಜೊತೆಗೆ ಬಿಲ್ಲುಗಳ ಕಟ್ಟೂ ಬಂದರೆ ಗಾಡಿ ಅರ್ಧ ಪಾಸಾದಂತೆ. "ಅದೆಲ್ಲಾ ಡ್ರೈವರ್‌ಗೆ ಗೊತ್ತು" ಎಂದರೆ ಡ್ರೈವರನನ್ನೇ ಹುಡುಕಬೇಕಾಗುತ್ತದೆ.

ಗಾಡಿ ನೋಡಲು ಬೆಳಿಗ್ಗೆ ಹೋಗಬೇಕು, ಅದೂ ಹೇಳಿದ ಹೊತ್ತಿಗಿಂತ ಸ್ವಲ್ಪ ಮೊದಲು. ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ನಿಮಗಾಗಿ ಕಾಯಿಸಿ ಇಟ್ಟಿದ್ದಾರೆ ಎಂದರ್ಥ. ತಣ್ಣಗಿನ ಎಂಜಿನ್ ಮೊದಲ ಹತ್ತು ಸೆಕೆಂಡಿನಲ್ಲಿ ಹೇಳುವುದನ್ನು ಆಮೇಲೆ ದಿನವಿಡೀ ಹೇಳುವುದಿಲ್ಲ. ಕಟಕಟ ಸದ್ದು, ನೀಲಿ ಹೊಗೆ, ಅಲುಗಾಟ ಎಲ್ಲ ಕಾಣುವುದು ಆಗಲೇ. ಕೂಲಂಟ್ ಡಬ್ಬಿಯಲ್ಲಿ ಬಣ್ಣದ ನೀರಿದೆಯೋ ಬೋರಿನ ನೀರಿದೆಯೋ ನೋಡಿ. ಬೋರಿನ ಗಡಸು ನೀರು ಸುರಿದಿದ್ದರೆ ಒಳಗೆ ಬಿಳಿ ಪದರ ಕಟ್ಟಿರುತ್ತದೆ. ಇಕೊಬೂಸ್ಟಿನ ಮೊದಲ ವರ್ಷಗಳ ಗಾಡಿಗಳಲ್ಲಿ ಕೂಲಂಟ್ ಪೈಪು ಸೀಳಿ ಎಂಜಿನ್ ಕಾಯ್ದು ಕೆಟ್ಟ ಪ್ರಕರಣಗಳು ವಿದೇಶದಲ್ಲಿ ದೊಡ್ಡ ಸುದ್ದಿಯಾಗಿದ್ದವು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿಗೆ ಇದು ದೂರದ ಸುದ್ದಿಯಲ್ಲ.

ಆಮೇಲೆ ಗಾಡಿ ಓಡಿಸಬೇಕು. ಗೋಳಗುಮ್ಮಟದ ಮುಂದೆ ಒಂದು ಸುತ್ತು ಹೊಡೆಸಿ "ಹೆಂಗದ ನೋಡ್ರಿ" ಎನ್ನುವುದು ವ್ಯಾಪಾರದವರ ರೂಢಿ. ಅಷ್ಟಕ್ಕೆ ಒಪ್ಪಬೇಡಿ. ಸ್ಟೇಷನ್ ರಸ್ತೆಯಿಂದ ಗಾಂಧಿ ಚೌಕದ ಗದ್ದಲಕ್ಕೆ ನುಗ್ಗಿ, ಆಟೊ, ಟಾಂಗಾ, ಸೈಕಲ್ಲುಗಳ ನಡುವೆ ಕ್ಲಚ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿ. ಆಟೋಮ್ಯಾಟಿಕ್ ಗಾಡಿಯಾದರೆ ಈ ಗದ್ದಲವೇ ನಿಜವಾದ ಪರೀಕ್ಷೆ. ಇಕೊಸ್ಪೋರ್ಟಿನ ಮೊದಲ ತಲೆಮಾರಿನ 'ಪವರ್‌ಶಿಫ್ಟ್', ವೆನ್ಯೂ ಟರ್ಬೊದ 7 ಗೇರಿನ ಡಿಸಿಟಿ ಎರಡೂ ಜೋಡಿ ಒಣ ಕ್ಲಚ್ಚಿನ ಗೇರ್‌ಬಾಕ್ಸುಗಳು. ನಿಂತು ನಿಂತು ಚಲಿಸುವ ಸಂತೆಯಲ್ಲಿ ಅವು ಕಾಯುತ್ತವೆ, ನಡುಗುತ್ತವೆ. ಪವರ್‌ಶಿಫ್ಟ್ ಅಂತೂ ಅಮೆರಿಕದಲ್ಲಿ ಕೋರ್ಟು ಮೆಟ್ಟಿಲೇರಿದ ಗೇರ್‌ಬಾಕ್ಸು. ಅದು ನನಗೆ ಯಾವ ಬೆಲೆಗೂ ಬೇಡ.

ಊರು ದಾಟಿ ಅಥಣಿ ರಸ್ತೆ ಹಿಡಿದರೆ ತಿಕೋಟಾ ಇಪ್ಪತ್ತು ಕಿ.ಮೀ. ಆಸುಪಾಸು. ಆ ದಾರಿಯಲ್ಲಿ ಮೂರನೇ ಗೇರಿನಲ್ಲಿಟ್ಟು ಪೂರ್ತಿ ಒತ್ತಿ. ಟರ್ಬೊ ಒಂದೇ ಸಮ ಎಳೆಯಬೇಕು. ನಡುವೆ ಉಸಿರು ಕಟ್ಟಿದಂತಾಗಿ ಮತ್ತೆ ಎದ್ದರೆ ಪೈಪು ಸೋರುತ್ತಿದೆ ಅಥವಾ ಟರ್ಬೊ ದಣಿದಿದೆ. ಹಿಂದೆ ಒಬ್ಬರನ್ನು ಕೂರಿಸಿ ಹೊಗೆಯ ಬಣ್ಣ ನೋಡಲು ಹೇಳಿ. ತಿಕೋಟಾದಿಂದ ಹೈವೇಗೆ ಮರಳದೆ ಒಳದಾರಿಯಲ್ಲಿ ಬಬಲೇಶ್ವರದ ಕಡೆ ತಿರುಗಿಸಿ. ಕಬ್ಬಿನ ಟ್ರ್ಯಾಕ್ಟರುಗಳು ಜೋಡಿ ಟ್ರೇಲರ್ ಎಳೆದು ಎಳೆದು ಅಂಚು ಕಿತ್ತ ರಸ್ತೆಗಳಿವು. 17 ಇಂಚಿನ ಅಲಾಯ್ ಚಕ್ರ, ಗಿಡ್ಡ ಗೋಡೆಯ ಟೈರು ಇರುವ 'ಎಸ್' ಮಾದರಿ ಇಲ್ಲಿ ತನ್ನ ನಿಜಬಣ್ಣ ತೋರುತ್ತದೆ. ಸ್ಟೀರಿಂಗ್ ನಡುಗಿದರೆ ಚಕ್ರ ಸೊಟ್ಟ, ಗುಂಡಿಗೆ ಇಳಿದಾಗ ಠಕ್ಕೆಂದರೆ ಲೋವರ್ ಆರ್ಮ್ ಅಥವಾ ಲಿಂಕ್ ರಾಡ್ ಹೋಗಿದೆ. ಇವು ಹೆದರುವ ಖರ್ಚಲ್ಲ, ಚೌಕಾಶಿಯ ಸಾಮಾನು. ಬಬಲೇಶ್ವರ ಮುಟ್ಟಿದ ಮೇಲೆ ಬಿಸಿಲಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಲೇ ಇರಲಿ, ಎಸಿ ಹಾಕಿ ಚಹಾ ಕುಡಿದು ಬನ್ನಿ. ಕಾವಿನ ಮುಳ್ಳು ಮೇಲೇರದೆ, ಒಳಗೆ ತಂಪು ಕಡಿಮೆಯಾಗದೆ ಇದ್ದರೆ ಆ ಗಾಡಿ ಈ ಜಿಲ್ಲೆಯಲ್ಲಿ ಬಾಳುತ್ತದೆ.

ಈಗ ಮಣ್ಣಿನ ಮಾತು. ಪುಣೆ, ಬೆಂಗಳೂರಿನ ಗಾಡಿ ನೋಡುವವರಿಗೆ ಇದು ಬೇಕಾಗುವುದಿಲ್ಲ, ನಮಗೆ ಬೇಕು. ಎರೆಮಣ್ಣು ಹಸಿಯಾದಾಗ ಅಂಟಿನಂತೆ ಚಕ್ರದ ಕಮಾನಿನೊಳಗೆ ಹತ್ತಿ ಕೂರುತ್ತದೆ, ಒಣಗಿದ ಮೇಲೂ ಒಳಗೆ ತೇವ ಹಿಡಿದಿಡುತ್ತದೆ. ತೊಳೆಯುವವರು ಮೇಲಿನದನ್ನು ತೊಳೆಯುತ್ತಾರೆ. ನೀವು ಮೊಬೈಲಿನ ಬೆಳಕು ಹಿಡಿದು ಕಮಾನಿನ ಅಂಚನ್ನು, ಬಾಗಿಲಿನ ತಳದ ನೀರು ಹೋಗುವ ತೂತುಗಳನ್ನು, ಹಿಂದಿನ ಆಕ್ಸಲನ್ನು ನೋಡಿ. ದ್ರಾಕ್ಷಿ ತೋಟದವರ ಗಾಡಿಯಾದರೆ ಡಿಕ್ಕಿಯ ಹಾಸು ಎತ್ತಿ ನೋಡಲೇಬೇಕು. ಔಷಧದ ಡಬ್ಬಿ, ಗೊಬ್ಬರದ ಚೀಲ ಹೊತ್ತ ತಳದಲ್ಲಿ ತುಕ್ಕು ಬೇಗ ಹುಟ್ಟುತ್ತದೆ, ವಾಸನೆಯೂ ಬಿಡುವುದಿಲ್ಲ.

ಡೋಣಿ ಬೆಳೆದರೆ ಓಣೆಲ್ಲ ಕಾಳು ಎನ್ನುತ್ತೇವೆ. ಆದರೆ ಅದೇ ಡೋಣಿ ಹೊಳೆ ಉಕ್ಕಿ ಸೇತುವೆ ಮೇಲೆ ಹರಿಯುವ ದಿನ ಗಾಡಿ ನುಗ್ಗಿಸಿದವರೂ ಇದ್ದಾರೆ. ಇಕೊಸ್ಪೋರ್ಟ್ 550 ಮಿ.ಮೀ. ನೀರಿನಲ್ಲಿ ಹಾಯುತ್ತದೆ ಎಂದು ಕಂಪನಿಯೇ ಜಾಹೀರಾತು ಮಾಡಿತ್ತು. ಅದನ್ನು ನೆಚ್ಚಿದವರೂ ಇರಬಹುದು. ನೀರು ಕಂಡ ಗಾಡಿಯನ್ನು ಸೆಂಟು ಹೊಡೆದು ಮಾರುತ್ತಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಎಂದೂ ಹೊರಬರದ ಆ ತುದಿಯಲ್ಲಿ ಕರಿ ಕೆಸರಿನ ಗೆರೆ ಇದ್ದರೆ ಮತ್ತೇನೂ ನೋಡುವುದು ಬೇಡ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಫ್ಯೂಸ್ ಪೆಟ್ಟಿಗೆಯ ಮೂಲೆಯ ಮಣ್ಣೂ ಇದೇ ಸಾಕ್ಷಿ ಹೇಳುತ್ತವೆ.

ಅಪಘಾತದ ಗುರುತು ಹಿಡಿಯುವುದು ಹಳೆಯ ವಿದ್ಯೆ. ಬಾನೆಟ್ಟಿನ ಬೋಲ್ಟಿಗೆ ಪಾನಾ ಬಿದ್ದ ಕಲೆ, ಗಾಜುಗಳ ಮೇಲೆ ಬೇರೆ ಬೇರೆ ವರ್ಷ, ಟೈರಿನ ಗೋಡೆಯ ನಾಲ್ಕಂಕಿ. 2319 ಎಂದಿದ್ದರೆ 2019ರ 23ನೇ ವಾರದ ಟೈರು. ಮೀಟರು ಮೂವತ್ತು ಸಾವಿರ ತೋರಿಸುತ್ತ ನಾಲ್ಕೂ ಟೈರು ಗಾಡಿಗಿಂತ ಬಹಳ ಹೊಸವಾಗಿದ್ದರೆ ಮೀಟರು ಸುಳ್ಳಾಡುತ್ತಿರಬಹುದು. ಈಗ ಮಿಸ್ತ್ರಿಗಳ ಬಳಿ ಸ್ಕ್ಯಾನರ್ ಇರುತ್ತದೆ, ಹಾಕಿಸಿ ನೋಡಿ. ಮೀಟರ್ ತಿರುಗಿಸಿದವರು ಎಷ್ಟೋ ಸಲ ಒಳಗಿನ ಬೇರೆ ಪೆಟ್ಟಿಗೆಗಳ ಲೆಕ್ಕ ತಿದ್ದಲು ಮರೆಯುತ್ತಾರೆ.

ಇಕೊಸ್ಪೋರ್ಟ್ ಬೇಡ ಎನ್ನುವವರಿಗೆ ಎರಡು ಮಾತು. ಎಕ್ಸ್‌ಯುವಿ 300 ಡೀಸೆಲ್ ಈ ವರ್ಗದಲ್ಲೇ ಜಟ್ಟಿ: 300 ನ್ಯೂಟನ್ ಮೀಟರ್ ಎಳೆತ, 2020ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನ 5 ತಾರೆ. ಡಿಕ್ಕಿ ಮಾತ್ರ ಚಿಕ್ಕದು. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಯಾವುದೇ ಇರಲಿ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ದಿನಾ ತಿಕೋಟಾದಿಂದ ವಿಜಯಪುರಕ್ಕೆ ಓಡಾಡುವವನಿಗೆ ಅದು ತನ್ನಷ್ಟಕ್ಕೆ ಸುಟ್ಟು ಚೊಕ್ಕಟವಾಗುತ್ತದೆ. ಮನೆಯಿಂದ ಮಾರ್ಕೆಟ್ಟಿಗೆ ಮಾತ್ರ ಹೋಗುವವನ ಗಾಡಿಯಲ್ಲಿ ಕಟ್ಟಿಕೊಳ್ಳುತ್ತದೆ. ನೆಕ್ಸಾನ್ 2018ರ ಡಿಸೆಂಬರಿನಲ್ಲೇ 5 ತಾರೆ ಪಡೆದ ಗಾಡಿ. ಗಟ್ಟಿ, ಆದರೆ ಆಟ ಕಡಿಮೆ. ಪೆಟ್ರೋಲ್ ಕೊಳ್ಳುವವರು ಇನ್ನೊಂದು ನೆನಪಿಡಿ. ಬಂಕುಗಳಲ್ಲಿ ಈಗ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲು. ಬಬಲೇಶ್ವರದ ಕಬ್ಬಿನ ಪಾಲೂ ಅದರಲ್ಲಿರಬಹುದು. 2018ರ ಆಸುಪಾಸಿನ ಗಾಡಿಗಳು ಅಷ್ಟು ಎಥನಾಲಿಗೆಂದು ಮಾಡಿದವಲ್ಲ. ಇಂಧನದ ರಬ್ಬರು ಪೈಪು, ಸೀಲುಗಳನ್ನು ಮುಟ್ಟಿ ನೋಡಿ, ಗಡುಸಾಗಿದ್ದರೆ ಬದಲಿಸಿ.

ಗಡಿಯ ಊರಾದ್ದರಿಂದ ಕಾಗದದ ಕಥೆ ಸ್ವಲ್ಪ ಉದ್ದ. ತಿಕೋಟಾದ ಆಚೆ ಮಹಾರಾಷ್ಟ್ರದ ಜತ್ ತಾಲ್ಲೂಕು. ಮಾತು ಕನ್ನಡ, ಬೀಗತನ ನಮ್ಮದೇ, ನಂಬರ್ ಪ್ಲೇಟು ಮಾತ್ರ ಎಂಎಚ್-10. ಸೋಲಾಪುರದ ಎಂಎಚ್-13, ಪುಣೆಯ ಎಂಎಚ್-12 ಗಾಡಿಗಳೂ ಇಲ್ಲಿಗೆ ಧಾರಾಳ ಬರುತ್ತವೆ. 10 ವರ್ಷ ದಾಟಿದ ಡೀಸೆಲ್ ಗಾಡಿಗೆ ದೆಹಲಿಯಲ್ಲಿ ನಿರ್ಬಂಧ ಬಂದ ಮೇಲೆ ಅಲ್ಲಿಯವೂ ದಕ್ಷಿಣಕ್ಕೆ ಇಳಿದವು. ಇವು ನೋಡಲು ಅಗ್ಗ. ಆದರೆ ಮೂಲ ಆರ್‌ಟಿಒದಿಂದ ಎನ್‌ಒಸಿ ಅಂದರೆ ಫಾರ್ಮ್ 28 ತರಬೇಕು, 12 ತಿಂಗಳು ಮೀರಿ ಇಲ್ಲೇ ಇರಿಸುವುದಾದರೆ ಕೆಎ-28ರ ಹೊಸ ನಂಬರು ಪಡೆಯಬೇಕು, ಗಾಡಿಯ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಆ ತೆರಿಗೆ ದೇಶದಲ್ಲೇ ಹೆಚ್ಚಿನದರ ಸಾಲಿನದು. ಹಿಂದಿನ ರಾಜ್ಯದಿಂದ ಉಳಿದ ತೆರಿಗೆ ವಾಪಸ್ ಪಡೆಯುವುದಕ್ಕೆ ತಾಳ್ಮೆ ಬೇಕು. ಎಲ್ಲ ಕೂಡಿಸಿ ನೋಡಿದರೆ ಆ ಅಗ್ಗ ಎಷ್ಟೋ ಸಲ ಕರಗಿಹೋಗಿರುತ್ತದೆ.

ಊರಿನದೇ ಗಾಡಿಯಾದರೆ ಹೆಸರು ಬದಲಿಸಲು ಫಾರ್ಮ್ 29 ಮತ್ತು 30, ಬ್ಯಾಂಕಿನ ಸಾಲ ಇದ್ದಿದ್ದರೆ ಫಾರ್ಮ್ 35, ಬ್ಯಾಂಕಿನ ಪತ್ರ. "ಆಮೇಲೆ ಹೆಸರು ಬದಲಿಸೋಣ್ರಿ, ಸಹಿ ಮಾಡಿ ಇಟ್ಟೀವಿ" ಎನ್ನುವುದು ಇಬ್ಬರಿಗೂ ಗಂಡಾಂತರ. ಗಾಡಿ ಯಾರಿಗಾದರೂ ಗುದ್ದಿದರೆ ಕೋರ್ಟಿನ ಕರೆ ಬರುವುದು ದಾಖಲೆಯಲ್ಲಿ ಹೆಸರಿರುವವನಿಗೆ. 2023ರ ಏಪ್ರಿಲ್‌ನಿಂದ ಹಳೆ ಗಾಡಿ ವ್ಯಾಪಾರಿಗಳು ಆರ್‌ಟಿಒ ಅಧಿಕಾರಪತ್ರ ಪಡೆದಿರಬೇಕೆಂಬ ನಿಯಮ ಬಂದಿದೆ. ಕೇಳಿ ನೋಡಿ, ಮುಖ ನೋಡುವುದೇ ಒಂದು ಅನುಭವ. ಇನ್ಶೂರೆನ್ಸ್ ಕಾಗದವನ್ನು ಮಾತ್ರ ನಿಧಾನವಾಗಿ ಓದಿ. ಕ್ಲೇಮ್ ಮಾಡದವನಿಗೆ ನೋ ಕ್ಲೇಮ್ ಬೋನಸ್ ವರ್ಷವರ್ಷ ಏರಿ ಶೇ 50 ಮುಟ್ಟುತ್ತದೆ. ಆರು ವರ್ಷದ 'ಒಂದ್ ಗೀರೂ ಇಲ್ಲದ' ಗಾಡಿಯ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇದ್ದರೆ, ಕ್ಲೇಮ್ ಯಾವುದಕ್ಕೆ ಆಗಿತ್ತು ಎಂದು ಕೇಳುವ ಹಕ್ಕು ನಿಮಗಿದೆ.

ಬೆಲೆಯ ವಿಷಯಕ್ಕೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ಹೊಸ ಚಿಕ್ಕ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದು ಷೋರೂಮಿನ ದರ ಕೆಳಗೆ ಬಂತು. ಹಳೆ ಗಾಡಿಗೆ ಇನ್ನೂ ಮೊದಲಿನ ಲೆಕ್ಕ ಹೇಳುವವರಿಗೆ ಇದನ್ನು ನೆನಪಿಸಿ. ವ್ಯಾಪಾರಿಯ ಲಾಭದ ಮೇಲಿನ ಶೇ 18 ಜಿಎಸ್‌ಟಿ ಅವರ ಬಾಬತ್ತು. ಖಾಸಗಿ ವ್ಯಕ್ತಿ ತನ್ನ ಗಾಡಿ ಮಾರಿದರೆ ಅದು ಬರುವುದೇ ಇಲ್ಲ.

ನನ್ನನ್ನು ಕೇಳಿದರೆ, ಹೊಲ, ಹೈವೇ ಎರಡೂ ಇರುವ ತಿಕೋಟಾದ ಮನೆಗೆ ಎಕ್ಸ್‌ಯುವಿ 300 ಡೀಸೆಲ್ ಮೊದಲು, ದುಡ್ಡು ಕಡಿಮೆಯಿದ್ದರೆ 2018ರ ನಂತರದ ಇಕೊಸ್ಪೋರ್ಟ್ ಡೀಸೆಲ್. ಇಕೊಬೂಸ್ಟಿನ ಆಸೆಯೇ ಬಿಡದ ಹುಡುಗನಿದ್ದರೆ, ಆಯಿಲ್ ಬಿಲ್ಲುಗಳು ಒಂದೂ ತಪ್ಪದೆ ಇರುವ ಗಾಡಿಯನ್ನು ಮಾತ್ರ ತೆಗೆದುಕೊಳ್ಳಲಿ. ತಂದ ವಾರವೇ ಚೇಂಬರ್ ಇಳಿಸಿ ಜಾಳಿಗೆ ನೋಡಿಸಿ, ಬೆಲ್ಟು ಬದಲಿಸಿದ ದಾಖಲೆ ಇಲ್ಲದಿದ್ದರೆ ಬದಲಿಸಿಬಿಡಲಿ. ಆ ಖರ್ಚನ್ನು ಚೌಕಾಶಿ ಮಾಡುವಾಗಲೇ ಗಾಡಿಯ ಬೆಲೆಯಲ್ಲಿ ಮುರಿಯಬೇಕು. ಬಿಲ್ಲಿಲ್ಲದ ಇಕೊಬೂಸ್ಟನ್ನು ಐವತ್ತು ಸಾವಿರ ಕಡಿಮೆಗೆ ಕೊಡುತ್ತೇನೆಂದರೂ ಸ್ಟೇಷನ್ ರಸ್ತೆಯಲ್ಲೇ ಬಿಟ್ಟು ಬರಲಿ.